ಹತ್ತು ಬೋಲ್ಟು, ಒಂದು ಪರದೆ

ಗಂಡಸಿಗೆ ಬೋಲ್ಟು ಆರಿಸುವಾಗಲಾದರೂ ಹೆಂಡತಿಯ ಸಲಹೆಯಿಂದ ಬಿಡುಗಡೆ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಈಚೆಗೆ ಆ ಅಭಿಪ್ರಾಯ ಸ್ವಲ್ಪ ಸಡಿಲವಾಗಿದೆ.

ಎಲ್ಲಕ್ಕೂ ಮೂಲ ಮಾವನವರ ಹಳೆಯ ಕಾರು. ಎರಡು ವರ್ಷದಿಂದ ನಮ್ಮ ಶೆಡ್ಡಿನಲ್ಲಿ ಕೆಟ್ಟು ನಿಂತಿತ್ತು. "ಮುಂದಿನ ತಿಂಗಳ ಮೊದಲ ಭಾನುವಾರ ಬರ್ತೀನಿ. ಅಷ್ಟರಲ್ಲಿ ಸ್ಟಾರ್ಟ್ ಆದ್ರೆ ಕಾರು ನಿಮ್ಮದು, ಇಲ್ಲಾಂದ್ರೆ ಗುಜರಿಗೆ," ಎಂದು ಮಾವ ಫೋನಿನಲ್ಲಿ ಹೇಳಿದ್ದರು. ಕಾರು ನನಗೆ ಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ನನಗೆ ಬಲ್ಬು ಬದಲಿಸಲೂ ಬರುವುದಿಲ್ಲ ಎಂದು ಮದುವೆಯಾದ ದಿನದಿಂದ ನಂಬಿರುವ ಮಾವನ ಬಾಯಿಂದ ಒಂದು 'ಭೇಷ್' ಬೇಕಿತ್ತು.

ಎಂಜಿನ್ ಬಿಚ್ಚಿ, ಅದರ ಕಬ್ಬಿಣದ ಒಡಲಾದ ಬ್ಲಾಕನ್ನು ಲೇತ್ ಮೇಸ್ತ್ರಿಗೆ ಕೊಟ್ಟೆ. ಎಂಜಿನ್ನಿನೊಳಗೆ ತಿರುಗುವ ದಪ್ಪ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್, ಕೂರುವ ರಂಧ್ರಗಳನ್ನು ಅವನು ಕೊರೆದು ನುಣುಪು ಮಾಡಿ, "ಹಳೇ ಬೋಲ್ಟು ಬಿಗಿದೇ ಅಳತೆಗೆ ತಂದಿದೀನಿ, ಅವನ್ನೇ ಹಾಕಿ," ಎಂದು ವಾಪಸು ಕೊಟ್ಟ. ನಾನು ಹೂಂಗುಟ್ಟಿದೆ. (ಹೂಂಗುಟ್ಟುವುದೂ ಕೇಳಿಸಿಕೊಳ್ಳುವುದೂ ಬೇರೆ ಬೇರೆ ಎಂಬುದು ಸಂಸಾರಸ್ಥರಿಗೆ ಗೊತ್ತು.)

ಶಾಫ್ಟನ್ನು ಹಿಡಿದಿಡುವ ಬೋಲ್ಟುಗಳು ಒಟ್ಟು ಹತ್ತು. ಕಪ್ಪಗೆ, ಜಿಡ್ಡುಜಿಡ್ಡಾಗಿ, ಬಹಳ ಕಾಲ ಸಂಸಾರ ಮಾಡಿದ ಮುಖದವು. ಇಂಥವನ್ನು ಮರಳಿ ಹಾಕುವುದು ನನ್ನ ಘನತೆಗೆ ಕುಂದು. ಮೂರು ವಾರ ಕ್ಯಾಟಲಾಗುಗಳ ಪಾರಾಯಣ ನಡೆಸಿ, ರೇಸಿನ ಕಾರುಗಳಿಗೆ ಹಾಕುವ ಮಹಾಬಲಶಾಲಿ ಬೋಲ್ಟುಗಳನ್ನು ತರಿಸಿದೆ.

"ಹಳೇವಕ್ಕೆ ಏನಾಗಿದೆ?" ಎಂದಳು ಹೆಂಡತಿ.

"ವಯಸ್ಸಾಗಿದೆ."

"ನಿಮಗೂ ಆಗಿದೆ. ನಾನು ಬದಲಾಯಿಸಿದ್ನಾ?"

"ನಿನಗೆ ಯಂತ್ರದ ವಿಷಯ ಗೊತ್ತಾಗಲ್ಲ. ಇವು ಎರಡು ಪಟ್ಟು ಗಟ್ಟಿ. ಹಳೇವನ್ನ ಬಿಸಾಕು."

ಹಳೆಯವು ಮನೆಯೊಳಗೆ ಹೋದವು. ನಾನು ಅವನ್ನು ಮರೆತೆ.

ಗಡುವಿಗೆ ನಾಲ್ಕು ದಿನ ಉಳಿದಿರುವಾಗ ಬೇರಿಂಗಿಗೆ ಎಣ್ಣೆ ಸವರಿ, ಶಾಫ್ಟ್ ಕೂರಿಸಿ, ಹೊಸ ಬೋಲ್ಟುಗಳನ್ನು ಅವುಗಳ ಚೀಟಿಯಲ್ಲಿ ಬರೆದಷ್ಟೇ ಬಿಗಿದೆ. ಇನ್ನು ಕೈಯಲ್ಲಿ ತಿರುಗಿಸಿದರೆ ಶಾಫ್ಟ್ ಸಲೀಸಾಗಿ ತಿರುಗಬೇಕು. ತಿರುಗಲಿಲ್ಲ. ಎರಡೂ ಕೈ ಹಾಕಿದೆ, ಉದ್ದನೆಯ ಪೈಪು ಹಾಕಿದೆ, ಕೊನೆಗೆ ಮೇಸ್ತ್ರಿಗೆ ಫೋನು ಹಾಕಿದೆ.

ಮೇಸ್ತ್ರಿ ಬಂದು ಬೋಲ್ಟುಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಇವು ಜಾಸ್ತಿ ಎಳೀತವೆ. ದುಂಡಗಿದ್ದ ರಂಧ್ರ ಸೊಟ್ಟ ಆಗಿದೆ. ಇವೇ ಬೇಕಂದ್ರೆ ಮತ್ತೆ ಕೊರೀಬೇಕು, ಎರಡು ವಾರ ಆಗುತ್ತೆ. ಹಳೇವು ಹಾಕಿದ್ರೆ ರಂಧ್ರ ಮತ್ತೆ ದುಂಡಗಾಗುತ್ತೆ. ಅವು ಎಲ್ಲಿ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಬಿಸಾಕಿಸಿಬಿಟ್ಟೆ ಎಂದು ಒಪ್ಪಿಕೊಂಡೆ. ಹೆಂಡತಿ ನಮ್ಮನ್ನು ಮನೆಯೊಳಗೆ ಕರೆದು, ಕತ್ತರಿ ತಂದು, ಹಜಾರದ ಪರದೆಯ ಅಂಚು ಬಿಚ್ಚತೊಡಗಿದಳು. ಪರದೆ ಗಾಳಿಗೆ ಹಾರದಿರಲೆಂದು ಹತ್ತೂ ಬೋಲ್ಟುಗಳನ್ನು ಅದರೊಳಗೆ ಸಾಲಾಗಿ ಹೊಲಿದಿಟ್ಟಿದ್ದಳು. (ನನ್ನ ಆಜ್ಞೆಗಳಿಗೆ ಈ ಮನೆಯಲ್ಲಿ ಸಾಮಾನ್ಯವಾಗಿ ಆಗುವ ಗತಿಯೇ ಇದು.)

ಮೇಸ್ತ್ರಿ ಒಂದೊಂದರ ಉದ್ದ ಅಳೆದು, "ಒಂದೂ ಹಿಗ್ಗಿಲ್ಲ, ಚೆನ್ನಾಗಿವೆ," ಎಂದು ಬಿಗಿದ. ಶಾಫ್ಟ್ ಎರಡು ಬೆರಳಿಗೆ ತಿರುಗಿತು.

"ಈಗ ನನ್ನ ಪರದೆಗೆ?" ಎಂದಳು ಹೆಂಡತಿ.

ಹೊಸ ಬೋಲ್ಟುಗಳ ಪೆಟ್ಟಿಗೆಯನ್ನು ಅವಳ ಕೈಗಿತ್ತೆ.

ಭಾನುವಾರ ಮಾವ ಬಂದರು. ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ನಾನು ಎದೆ ಸೆಟೆಸಿ ನಿಂತೆ. ಆದರೆ ಕಾರಿನ ಸದ್ದು ಕೇಳಿಹೋಗಲು ಬಂದಿದ್ದ ಮೇಸ್ತ್ರಿ ಇಡೀ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಮಾವ ಕೀಲಿಕೈಯನ್ನು ಮಗಳ ಕೈಯಲ್ಲಿಟ್ಟು, ಒಳಗೆ ಬಂದು ಕುಳಿತರು. ಕಿಟಕಿಯಿಂದ ಗಾಳಿ ರಭಸವಾಗಿ ಬೀಸುತ್ತಿತ್ತು. ಮೇಜಿನ ಮೇಲಿದ್ದ ಪತ್ರಿಕೆ ಹಾರಿಹೋಯಿತು. ಪರದೆ ಅಲುಗಲಿಲ್ಲ.

"ಭೇಷ್," ಎಂದರು ಮಾವ. "ಇದಕ್ಕೆ ಭಾರ ಆರಿಸಿದ್ದು ಯಾರಮ್ಮಾ?"

"ನಿಮ್ಮ ಅಳಿಯಂದಿರೇ," ಎಂದಳು ಹೆಂಡತಿ. "ಮೂರು ವಾರ ಕೂತು ಆರಿಸಿದ್ದು."