ಟ್ಯಾಂಕಿಗೆ ಕೆಸರು ಹಚ್ಚುವವನ ಪಾಡು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಹೊಸ ವಸ್ತು ತಂದು, ಕಷ್ಟಪಟ್ಟು ಅದನ್ನು ಹಳೆಯದು ಮಾಡಿ, ಕೆಸರು ಬಳಿದು, ತುಕ್ಕು ಹಿಡಿಸಿ, ಆಮೇಲೆ ಗಾಜಿನ ಕಪಾಟಿನಲ್ಲಿ ಇಡುವ ಮನುಷ್ಯನಿಗೆ ಇಂಥವು ಆಗದೆ ಇನ್ನೇನು ಆದಾವು?

ನಾನು ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ಮೆಂಟೆನನ್ಸ್ ಕೆಲಸದವನು. ಮನೆಗೆ ಬಂದ ಮೇಲೆ ಸೈನ್ಯದ ಟ್ಯಾಂಕು, ಟ್ರಕ್ಕು, ಜೀಪುಗಳ ಪುಟ್ಟ ಮಾದರಿಗಳನ್ನು ಜೋಡಿಸುತ್ತೇನೆ. ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಬಿಡಿಭಾಗಗಳು ಬರುತ್ತವೆ. ಅಂಟಿಸಿ, ಬಣ್ಣ ಹೊಡೆದರೆ ಅಂಗೈ ಮೇಲೆ ಕೂರುವ ಟ್ಯಾಂಕು. ಅಷ್ಟಕ್ಕೇ ನಿಲ್ಲಿಸಿದರೆ ಅದು ಆಟಿಕೆ. ಅದಕ್ಕೆ ಕೆಸರು, ಹೊಗೆಯ ಮಸಿ, ತುಕ್ಕು, ಗೀರು ಎಲ್ಲ ಬಂದು, ಒಂದು ಹಲಗೆಯ ಮೇಲೆ ಮಣ್ಣು, ಹುಲ್ಲು, ನಾಲೆ ಮಾಡಿ ನಿಲ್ಲಿಸಿದರೆ ಮಾತ್ರ ಅದು ಕಲೆ. ಆ ಹಲಗೆಗೆ ಡಯೊರಾಮಾ ಎಂಬ ಚಂದದ ಹೆಸರಿದೆ. ನಮ್ಮ ಮನೆಯಲ್ಲಿ ಅದನ್ನು ‘ನಿಮ್ಮ ರಾಡಿ ಹಲಗಿ’ ಎನ್ನುತ್ತಾರೆ.

ಡಬ್ಬಿಯಲ್ಲಿ ತುಕ್ಕು

ಕಾರ್ಖಾನೆಯಲ್ಲಿ ನನ್ನ ಕೆಲಸ ತುಕ್ಕು ಕೆರೆದು ಬಣ್ಣ ಹೊಡೆಸುವುದು. ಮನೆಯಲ್ಲಿ ಬಣ್ಣ ಹೊಡೆದು ತುಕ್ಕು ಹಿಡಿಸುವುದು. ಹೀಗೆ ನೋಡಿದರೆ ಜೀವನದಲ್ಲಿ ನಾನು ಏನನ್ನೂ ಸಾಧಿಸಿಲ್ಲ.

ತುಕ್ಕಿನ ಬಣ್ಣ ಅಂಗಡಿಯಲ್ಲಿ ಸಿಗುತ್ತದೆ, ಆದರೆ ನಿಜವಾದ ತುಕ್ಕಿನ ಪುಡಿಗೆ ಅದು ಸಾಟಿಯಲ್ಲ. ಒಂದು ದಿನ ಹಳೆಯ ಪೈಪಿನಿಂದ ಉದುರಿದ ಪುಡಿ ನೋಡಿ ಆಸೆ ತಡೆಯಲಾಗಲಿಲ್ಲ. ಊಟದ ಡಬ್ಬಿ ತೊಳೆದು, ಒರೆಸಿ, ತುಂಬಿಕೊಂಡೆ. ಗೇಟಿನಲ್ಲಿ ಕಾವಲುಗಾರ ಡಬ್ಬಿ ತೆಗೆಸಿದ.

“ಏನ್ರಿ ಇದು, ಶೇಂಗಾ ಚಟ್ನಿ ಏನ್ರಿ?”

“ಅಲ್ಲೊ. ತುಕ್ಕು.”

ಆತ ಒಮ್ಮೆ ಡಬ್ಬಿ ನೋಡಿದ, ಒಮ್ಮೆ ನನ್ನನ್ನು ನೋಡಿದ. “ಎದಕ್ರಿ?”

“ಮನೀಗೆ.”

ಕಬ್ಬಿಣ ಹೊರಗೆ ಒಯ್ದರೆ ಏನು ಮಾಡಬೇಕೆಂದು ಆತನಿಗೆ ಗೊತ್ತಿತ್ತು. ತುಕ್ಕು ಒಯ್ದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಫೋನು ಎತ್ತಿ ಮೇಲಿನವರಿಗೆ ಹಚ್ಚಿದ. “ಸಾಹೇಬ್ರ, ಇಲ್ಲೊಬ್ರು ಡಬ್ಬಿ ತುಂಬ ತುಕ್ಕು ಒಯ್ಯಾಕತ್ಯಾರ್ರಿ. ಏನ್ ಮಾಡ್ಲಿರಿ?”

ಆ ಕಡೆಯ ಮಾತು ನನಗೂ ಕೇಳಿಸಿತು. “ತಡೀಬ್ಯಾಡೊ ಮಾರಾಯಾ ಅವರನ್ನ! ನಾಳಿಂದ ಚೀಲಾ ತಗೊಂಡು ಬರ್ರಿ ಅನ್ನು!”

ಹಳಿಯಾಳದ ಕೆಸರು

ಕೆಸರಿನಲ್ಲಿ ನೂರು ನಮೂನೆ. ಜೋಯಿಡಾದ ಕೆಸರು ಕೆಂಪು, ಅತ್ತಿವೇರಿ ಕೆರೆಯಂಗಳದ್ದು ಬೂದು, ಹಳಿಯಾಳದ ಕಬ್ಬಿನ ಹೊಲದ್ದು ಬೇರೆಯೇ ಕಳೆ. ಮಳೆಯಾದ ಮರುದಿನ ಹಳಿಯಾಳದ ಹತ್ತಿರ ಹೊಲವೊಂದರ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಚಮಚದಿಂದ ಮಣ್ಣು ತೆಗೆದು ಪೊಟ್ಟಣ ಕಟ್ಟುತ್ತಿದ್ದೆ. ಹೊಲದ ಯಜಮಾನರು ಬಂದು ನಿಂತರು.

“ಮಣ್ಣ ಪರೀಕ್ಷಾದವ್ರೇನ್ರಿ? ಹೆಂಗೈತ್ರಿ ನಮ್ಮ ಮಣ್ಣು?”

“ಭಾಳ ಚಲೋ ಐತ್ರಿ,” ಎಂದೆ. ಅದು ನಿಜವೇ. ಗಾಲಿಗೆ ಎಷ್ಟು ಚೆನ್ನಾಗಿ ಅಂಟುತ್ತದೆ ಎಂದು ಬೆರಳಿಂದ ತಿಕ್ಕಿ ನೋಡಿದ್ದೆ.

“ಗೊಬ್ಬರ ಯಾವ್ದು ಹಾಕ್ಬೇಕ್ರಿ ಹಂಗಾರ?”

ಇನ್ನು ಸುಳ್ಳು ಬೆಳೆಸುವುದು ಬೇಡವೆಂದು ಮೊಬೈಲಿನಲ್ಲಿ ನನ್ನ ಟ್ಯಾಂಕಿನ ಫೋಟೊ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬಹಳ ಹೊತ್ತು ಫೋಟೊ ನೋಡಿದರು. ಬೈಯುತ್ತಾರೆಂದು ಎದ್ದು ನಿಂತೆ. ಆದರೆ ಅವರಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. “ಇದೇನ್ ರಾಡೀರಿ? ಬರ್ರಿ ನನ್ ಕೂಡ,” ಎಂದು ಕೈ ಹಿಡಿದು ಮನೆಗೆ ಕರೆದೊಯ್ದು ತಮ್ಮ ಟ್ರ್ಯಾಕ್ಟರಿನ ಮುಂದೆ ನಿಲ್ಲಿಸಿದರು.

ಅಯ್ಯೋ, ಏನು ಟ್ರ್ಯಾಕ್ಟರು ಅದು! ಗಾಲಿಯ ಮೇಲೆ ಒಣ ಕೆಸರು, ಅದರ ಮೇಲೆ ಹಸಿ ಕೆಸರು, ಮಡ್‌ಗಾರ್ಡಿನ ಕೆಳಗೆ ಹುಲ್ಲು ಸಮೇತ ಹೆಂಟೆ. ನನಗೆ ಕಣ್ಣು ತುಂಬಿ ಬಂತು. ನೆಲದ ಮೇಲೆ ಮಲಗಿ ಅಡಿಯಿಂದಲೂ ಫೋಟೊ ತೆಗೆದೆ. ಅವರು ಸೊಂಟದ ಮೇಲೆ ಕೈಯಿಟ್ಟು ಒಳಗಿದ್ದ ಹೆಂಡತಿಯನ್ನು ಕೂಗಿದರು: “ಬಾ ಇಲ್ಲೆ! ದಿನಾ ತೊಳೀರಿ ತೊಳೀರಿ ಅಂತ ಜೀವಾ ತಿಂತಿದ್ದಿ. ನೋಡ್ ಈಗ, ದಾಂಡೇಲಿಯಿಂದ ಫೋಟೊ ಹೊಡ್ಯಾಕ ಬಂದಾರ!”

ಸಾಸಿವೆ

ಇದು ಸಣ್ಣದು. ಟ್ಯಾಂಕಿನ ಬಿಡಿಭಾಗಗಳಲ್ಲಿ ಕೆಲವು ಸಾಸಿವೆ ಕಾಳಿನಷ್ಟೇ ಇರುತ್ತವೆ. ಚಿಮಟದಿಂದ ಹಿಡಿದರೆ ಸಿಡಿದು ಎಲ್ಲಿ ಬೀಳುತ್ತವೋ ದೇವರೇ ಬಲ್ಲ. ಒಮ್ಮೆ ಹಾಗೆ ಸಿಡಿದದ್ದು ಅಡುಗೆಮನೆಗೆ ಹೋಗಿ, ಮರುದಿನ ಅವಲಕ್ಕಿಯಲ್ಲಿ ನನ್ನ ಹಲ್ಲಿಗೆ ಸಿಕ್ಕಿತು. ನಾನು ಖುಷಿಯಿಂದ, “ಸಿಕ್ಕಿತು!” ಎಂದು ಕೂಗಿದೆ. ಕೂಗಬಾರದಿತ್ತು.

ನಮ್ಮ ಅತ್ತೆಯವರು, ಅಂದರೆ ನನ್ನ ಹೆಂಡತಿಯ ತಾಯಿ, ನಮ್ಮ ಜೊತೆಗೇ ಇದ್ದಾರೆ. ಸ್ವಚ್ಛತೆಯ ವಿಷಯದಲ್ಲಿ ಬಲು ಖಡಕ್ಕು. ತೊಳೆದ ಪಾತ್ರೆಯನ್ನು ಇನ್ನೊಮ್ಮೆ ತೊಳೆದೇ ಅಡುಗೆಗಿಡುವವರು. ಅವತ್ತಿನಿಂದ ಒಗ್ಗರಣೆಯಲ್ಲಿ ಸಿಡಿಯದೆ ಉಳಿದ ಸಾಸಿವೆಯನ್ನೆಲ್ಲ ಆರಿಸಿ ನನ್ನ ತಾಟಿನ ಅಂಚಿಗೆ ಇಡುತ್ತಾರೆ. “ನಿಮ್ಮುವ ಇರಬೇಕು ನೋಡ್ರಿ.”

ಗೋಡೆಗೆ ಮುಖ

ಚಿಗಳ್ಳಿಯಲ್ಲಿ ನಮ್ಮ ಮಾವನವರ ಹಳೆಯ ಗೆಳೆಯರೊಬ್ಬರಿದ್ದಾರೆ. ಟ್ಯಾಂಕುಗಳ ರೆಜಿಮೆಂಟಿನಲ್ಲಿ ದುಡಿದು ಸುಬೇದಾರರಾಗಿ ನಿವೃತ್ತರಾದವರು. ನಾನು ಜೋಡಿಸಿದ ಟ್ಯಾಂಕುಗಳ ಒಳಗೆ ನಿಜವಾಗಿ ಕುಳಿತು ಬಂದ ಮನುಷ್ಯ, ನನಗೆ ಗೊತ್ತಿರುವವರಲ್ಲಿ ಅವರೊಬ್ಬರೇ. ಅವರ ಬಾಯಿಂದ ಒಂದು ‘ಭೇಷ್’ ಕೇಳಬೇಕೆಂಬುದು ನನ್ನ ದೊಡ್ಡ ಆಸೆ. ಉಳಿದವರು ಹೊಗಳಿದರೆ ಹೊಗಳಲಿ, ಬಿಟ್ಟರೆ ಬಿಡಲಿ.

ಅವರು ಮನೆಗೆ ಬಂದಾಗ ಹಲಗೆಯನ್ನು ಅವರ ಮುಂದಿಟ್ಟೆ. ಕೆಸರಿನಲ್ಲಿ ಹೂತ ಟ್ಯಾಂಕು, ಪಕ್ಕದಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತ ಪ್ಲಾಸ್ಟಿಕ್ ಸಿಪಾಯಿ. ಸುಬೇದಾರರು ಕನ್ನಡಕ ಏರಿಸಿ ನೋಡಿದರು. ಮುಖ ಕೆಂಪಾಯಿತು.

“ಅಳಿಯಾ, ಯಾವಾಗಿಂದ ತೊಳದಿಲ್ಲ ಈ ಗಾಡಿ?”

“ಮಾಮಾ, ಇದು ರಣರಂಗರಿ.”

“ರಣರಂಗ ಇದ್ರೇನಾತು? ಬಂದ ಕೂಡ್ಲೆ ತೊಳೀಬೇಕು. ಇಷ್ಟ ಹೊಲಸ ಗಾಡಿ ನಾ ನಿಲ್ಲಿಸಿದ್ರ ನಮ್ಮ ಸಾಹೇಬರು ನನ್ನ ಮೈದಾನ ಸುತ್ತಿಸ್ತಿದ್ರು. ತುಕ್ಕು ಬ್ಯಾರೆ ಹಿಡಿಸೀದಿ! ಸರ್ಕಾರದ ಗಾಡಿ ಅದು!”

ಚಹಾ ಕುಡಿಯುವವರೆಗೂ ಟ್ಯಾಂಕಿನ ಕಡೆ ತಿರುಗಿ ನೋಡಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಅವರನ್ನು ಬಸ್ಸಿಗೆ ಬಿಟ್ಟು ಬಂದು ನೋಡುತ್ತೇನೆ, ಪ್ಲಾಸ್ಟಿಕ್ ಸಿಪಾಯಿ ಟ್ಯಾಂಕಿನ ಪಕ್ಕದಲ್ಲಿಲ್ಲ. ಸುಬೇದಾರರು ಅದನ್ನು ಕಿತ್ತು ತಂದು, ಮೇಜಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಹೋಗಿದ್ದರು.

ಖಂಡೇನವಮಿ

ದಸರೆಯ ದಿನ ಹಳಿಯಾಳದ ಒಂದು ಸಭಾಂಗಣದಲ್ಲಿ ಹವ್ಯಾಸಿಗಳ ಪ್ರದರ್ಶನ ಇಟ್ಟಿದ್ದರು. ಮುಖ್ಯ ಅತಿಥಿ, ಬಹುಮಾನ ಆರಿಸುವವರು, ಎರಡೂ ಅದೇ ಸುಬೇದಾರರು. ಈ ಸಲ ಅವರ ಬಾಯಿ ಮುಚ್ಚಿಸಿಯೇ ಸಿದ್ಧ ಎಂದು ನಾನು ಹಟಕ್ಕೆ ಬಿದ್ದೆ. ನಮ್ಮ ಸೈನ್ಯದ ಹಳೆಯ ಟ್ಯಾಂಕೊಂದನ್ನು ಮಾಡಿದೆ. ಹಳಿಯಾಳದ ಕೆಸರು, ಕಾರ್ಖಾನೆಯ ತುಕ್ಕು, ಚಿಮಣಿಯ ಮಸಿ, ಎಲ್ಲ ಸೇರಿಸಿ ಮಳೆಗಾಲವಿಡೀ ಕುಳಿತು ಎಂಥ ಹೊಲಸು ಮಾಡಿದ್ದೆನೆಂದರೆ, ಸ್ವತಃ ನನಗೇ ಅದನ್ನು ಮುಟ್ಟಿ ಕೈ ತೊಳೆಯಬೇಕೆನಿಸುತ್ತಿತ್ತು. ಹಲಗೆಗೆ ಅಂಟಿಸುವುದೊಂದು ಬಾಕಿ ಇತ್ತು.

ದಸರೆಯ ಮುನ್ನಾದಿನ, ಖಂಡೇನವಮಿಯ ಬೆಳಿಗ್ಗೆ, ಕಾರ್ಖಾನೆಯಲ್ಲಿ ಯಂತ್ರಗಳ ಆಯುಧಪೂಜೆ. ಮುಗಿಸಿ, ಚುರುಮುರಿಯ ಪೊಟ್ಟಣ ಹಿಡಿದು ಮನೆಗೆ ಬಂದೆ. ಪಡಸಾಲೆಯಲ್ಲಿ ಊದಿನಕಡ್ಡಿಯ ಘಮ. ಸಾಲಾಗಿ ಈಳಿಗೆ, ಕುಡುಗೋಲು, ಹೊಲಿಗೆ ಯಂತ್ರ, ಮಿಕ್ಸರು. ಎಲ್ಲದಕ್ಕೂ ಕುಂಕುಮ, ಹೂವು. ಸಾಲಿನ ಕೊನೆಗೆ ನನ್ನ ಟ್ಯಾಂಕು.

ಥಳಥಳ ಹೊಳೆಯುತ್ತಿತ್ತು. ಒಂದು ಚುಕ್ಕೆ ಕೆಸರಿಲ್ಲ, ತುಕ್ಕಿಲ್ಲ, ಮಸಿಯಿಲ್ಲ. ಅವೆಲ್ಲ ತಿಕ್ಕಿದರೆ ಹೋಗುವಂಥವು; ಕೆಳಗಿನ ಹಸಿರು ಬಣ್ಣವೊಂದೇ ಉಳಿದಿತ್ತು. ಮುಂಭಾಗಕ್ಕೆ ಮೂರು ಬೆರಳಿನ ವಿಭೂತಿ. ಕುತ್ತಿಗೆಗೆ ಚೆಂಡುಹೂವಿನ ಮಾಲೆ. ತೋಪಿನ ಬಾಯಲ್ಲಿ ಊದಿನಕಡ್ಡಿ ಸಿಕ್ಕಿಸಿದ್ದರು. ಈಗಷ್ಟೇ ಗುಂಡು ಹಾರಿಸಿದ ಹಾಗೆ ಹೊಗೆ ಬರುತ್ತಿತ್ತು. ಸಿಪಾಯಿಯ ಹಣೆಗೂ ಕುಂಕುಮ. ಹಲಗೆಯನ್ನೂ ತಿಕ್ಕಿ ತೊಳೆದು ರಂಗೋಲಿ ಹಾಕಿದ್ದರು.

“ಅತ್ತೀ!” ಎಂದೆ.

“ಎಲ್ಲಾ ಸಾಮಾನೂ ತೊಳದ್ವಿ, ಇದೊಂದ ಬಿಟ್ರ ಹೆಂಗ್ರಿ?” ಎಂದರು ಅತ್ತೆ, ಕೈ ಒರೆಸಿಕೊಳ್ಳುತ್ತ. “ಗಾಡೀನೂ ಹೌದು, ಆಯುಧಾನೂ ಹೌದು. ಏನ್ ರಾಡೀರಿ ಅದು, ಸೀಗೀಕಾಯಿಗೆ ಬಗ್ಗಲಿಲ್ಲ. ಕಡೀಕ ಹಲ್ಲುಜ್ಜೂ ಬ್ರಷ್ ತಗೊಂಡು ತಿಕ್ಕಿದೆ.”

“ಯಾರ ಬ್ರಷ್ಯು?”

“ನಿಮ್ದ. ಗಾಡಿ ನಿಮ್ದಲ್ರಿ?”

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೆಂಡತಿ ಮೆಲ್ಲಗೆ ಮಿಕ್ಸರಿನ ಹಿಂದೆ ಸರಿದು ನಿಂತಳು. ಅಷ್ಟರಲ್ಲಿ ಅತ್ತೆ ಎರಡು ನಿಂಬೆಹಣ್ಣು ತಂದರು. ಗಾಡಿ ನಿಂಬೆಹಣ್ಣಿನ ಮೇಲೆ ದಾಟದಿದ್ದರೆ ಪೂಜೆ ಪೂರ್ತಿಯಾಗುವುದಿಲ್ಲವಲ್ಲ. ನಿಂಬೆಹಣ್ಣು ಟ್ಯಾಂಕಿನ ಗಾಲಿಗಿಂತ ದೊಡ್ಡದಾಗಿತ್ತು.

“ಎರಡೂ ಕಡೀಗೆ ಒಂದೊಂದು ಇಡ್ರಿ.”

“ಅತ್ತೀ, ಗಾಲಿ ಚೈನ್ ಮುರೀತದ. ಒಂದ ಸಾಕು.”

“ಒಂದ ಇಟ್ರ ಅರ್ಧಾ ಪೂಜಾ ಆಗತೈತ್ರಿ.”

ಕೊನೆಗೆ ಹೆಂಡತಿ ಎಲ್ಲಿಂದಲೋ ಗೋಲಿಯಷ್ಟು ಸಣ್ಣ ಹೀಚು ನಿಂಬೆ ಹುಡುಕಿ ತಂದಳು. ಅದೊಂದನ್ನು ಒಂದು ಕಡೆಗಿಟ್ಟು, ನಾನು ಹಿಂದಿನಿಂದ ಒತ್ತಿದೆ. ಟ್ಯಾಂಕು ಅದನ್ನು ಅಪ್ಪಚ್ಚಿ ಮಾಡಲಿಲ್ಲ. ಅದರ ಮೇಲೆ ಹತ್ತಿ, ತೋಪನ್ನು ಮುಗಿಲಿಗೆ ಏರಿಸಿ ಅಲ್ಲಿಯೇ ಕುಳಿತಿತು. ಅತ್ತೆ ಆರತಿ ಬೆಳಗಿ ಹೇಳಿದರು: “ಸಮಾ ಕುಂತಿಲ್ಲ ನೋಡ್ರಿ. ಹೇಳಿದ್ದ ಕೇಳ್ರಿ ಅಂದ್ರ ಕೇಳೂದಿಲ್ಲ.”

ಹಳಿಯಾಳದಲ್ಲಿ ದಸರೆ

ಮರುದಿನವೇ ಪ್ರದರ್ಶನ; ಮತ್ತೆ ಕೆಸರು ಹಚ್ಚಿ ಒಣಗಿಸಲು ಸಮಯವಿರಲಿಲ್ಲ. ನಾನು ಹೋಗುವುದೇ ಇಲ್ಲವೆಂದು ಹೊದ್ದು ಮಲಗಿದೆ. ಹೆಂಡತಿ ಹೊದಿಕೆ ಎಳೆದಳು. “ಹೆಸರು ಕೊಟ್ಟೀರಿ. ಇದ್ದಂಗ ಒಯ್ಯೂಣು, ಏಳ್ರಿ.”

ಅತ್ತೆಯವರೂ ಇಳಕಲ್ ಸೀರೆ ಉಟ್ಟು ಹೊರಟರು. ಪೂಜೆಗೆ ಏರಿಸಿದ್ದನ್ನು ದಸರೆ ಮುಗಿಯುವ ಮುನ್ನ ತೆಗೆಯಬಾರದೆಂದು ಅವರ ಆಜ್ಞೆ. ಹೀಗಾಗಿ ಮಾಲೆ, ವಿಭೂತಿ, ನಿಂಬೆಹಣ್ಣಿನ ಸಮೇತ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಹತ್ತಿದವರೆಲ್ಲ ಮೊದಲು ಟ್ಯಾಂಕಿಗೆ ಕೈಮುಗಿದು ಆಮೇಲೆ ಸೀಟು ಹುಡುಕಿದರು. ಒಬ್ಬ ಅಜ್ಜಿ ತೋಪು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಂಡಕ್ಟರು ಲಗೇಜಿನ ಟಿಕೆಟ್ ಕೇಳಲು ಬಂದವನು, ಕುಂಕುಮ ನೋಡಿ, ಹಣೆಗೆ ಹಚ್ಚಿಕೊಂಡು ಹೋದ.

ಸಭಾಂಗಣದಲ್ಲಿ ಥರ್ಮೋಕೋಲಿನ ಕೋಟೆ, ಬೆಂಕಿಕಡ್ಡಿಯ ಹಡಗು, ಇನ್ನೂ ಏನೇನೋ ಇದ್ದವು. ನಾನು ಮೂಲೆಯ ಮೇಜು ಹಿಡಿದೆ. ಸುಬೇದಾರರು ಪದಕಗಳನ್ನು ಧರಿಸಿ, ಜೇಬಿನಲ್ಲಿ ದಸರೆಯ ಬಂಗಾರವಾದ ಬನ್ನಿ ಎಲೆ ತುಂಬಿಕೊಂಡು ಒಂದೊಂದೇ ಮೇಜು ನೋಡುತ್ತ ಬಂದರು. ನನ್ನ ಮುಂದೆ ನಿಂತರು. ಈಗ ಸಿಪಾಯಿಯ ಬದಲು ನನ್ನನ್ನೇ ಗೋಡೆಗೆ ನಿಲ್ಲಿಸುತ್ತಾರೆ ಎಂದುಕೊಂಡೆ.

ಅವರು ಹಿಮ್ಮಡಿ ಜೋಡಿಸಿ ಟ್ಯಾಂಕಿಗೆ ಒಂದು ಸೆಲ್ಯೂಟ್ ಹೊಡೆದರು. ಕಣ್ಣು ಒದ್ದೆಯಾಗಿತ್ತು.

“ಪೂಜಾದ ದಿನ ನಮ್ಮ ರೆಜಿಮೆಂಟಿನಾಗ ಹಿಂಗ ಇರ್ತಿತ್ತು ಅಳಿಯಾ,” ಎಂದರು. “ತೊಳದು, ವಿಭೂತಿ ಹಚ್ಚಿ, ಮಾಲಿ ಹಾಕಿ. ಇಷ್ಟ ಮಂದಿ ಟ್ಯಾಂಕ್ ಮಾಡ್ತಾರ, ಇದನ್ನ ಯಾರೂ ಮಾಡಂಗಿಲ್ಲ. ಭೇಷ್!”

ಆ ಒಂದು ಮಾತಿಗಾಗಿ ನಾನು ಎಷ್ಟು ಕೆಸರು ಹೊತ್ತಿದ್ದೆ! ಅವರು ಜೇಬಿನಿಂದ ಬನ್ನಿ ಎಲೆ ತೆಗೆದು, ತಾವೇ ಶಿಕ್ಷೆ ಕೊಟ್ಟಿದ್ದ ಪ್ಲಾಸ್ಟಿಕ್ ಸಿಪಾಯಿಯ ಕಾಲ ಬಳಿ ಇಟ್ಟು, “ಬಂಗಾರದಂಗ ಇರೂಣಪಾ,” ಎಂದರು. ಆಮೇಲೆ ಬಗ್ಗಿ, ಚೈನಿನ ಕೆಳಗೆ ನೋಡಿ, ಹುಬ್ಬು ಗಂಟಿಕ್ಕಿದರು.

“ಒಂದ ತಪ್ಪೈತಿ. ನಿಂಬೀಹಣ್ಣು ಎರಡೂ ಕಡೀಗೆ ಇರಬೇಕು.”

“ನಾ ಹೇಳಿದ್ನಿಲ್ರಿ!” ನನ್ನ ಬೆನ್ನ ಹಿಂದಿನಿಂದ ಅತ್ತೆಯ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು.

“ನೀವ ಏನ್ರಿ ಮಾಡಿದವ್ರು?” ಎಂದು ಸುಬೇದಾರರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೌದೆಂದು ತಲೆಯಾಡಿಸಿದ್ದರು.

ಮೊದಲ ಬಹುಮಾನಕ್ಕೆ ವೇದಿಕೆಗೆ ಕರೆದದ್ದು ಅತ್ತೆಯವರನ್ನು. ಸುಬೇದಾರರು ಶಾಲು ಹೊದಿಸಿ ಮೈಕು ಮುಂದೆ ಹಿಡಿದರು. “ಇಷ್ಟ ಚಂದ ಹೆಂಗ ಮಾಡಿದ್ರಿ, ಮಂದಿಗೆ ಹೇಳ್ರಿ ತಾಯಿ.”

ಅತ್ತೆ ಸೆರಗು ಸರಿಮಾಡಿಕೊಂಡು, ನಾನು ಎಲ್ಲಿ ಕುಳಿತಿದ್ದೇನೆಂದು ಹುಡುಕಿ, ನನ್ನ ಕಡೆಗೇ ಕೈ ತೋರಿಸಿ ಹೇಳಿದರು:

“ಏನಿಲ್ರಿ. ಅಳಿಯಂದಿರು ವರ್ಷಾನುಗಟ್ಲೆ ಕುಂತು ಹೊಲಸ ಮಾಡ್ತಾರ್ರಿ. ನಾ ತೊಳೀತೇನಿ.”

ಹೆಂಗಸರ ಸಾಲಿನಿಂದ ಎಂಥ ಚಪ್ಪಾಳೆ ಬಂತೆಂದರೆ ಬೆಂಕಿಕಡ್ಡಿಯ ಹಡಗು ಅಲ್ಲಾಡಿತು. ಎಲ್ಲರಿಗಿಂತ ಜೋರಾಗಿ, ಎದ್ದು ನಿಂತು ಹೊಡೆಯುತ್ತಿದ್ದವಳು ನನ್ನ ಹೆಂಡತಿ.