ಪ್ಯೂರ್ ವೆಜ್ ಹೋಟೆಲಿನ ರಕ್ತಪರೀಕ್ಷೆ

ನಮ್ಮ ಕೆಲಸದಲ್ಲಿ ಇಂಥದ್ದು ಆಗದ ವಾರವೇ ಇಲ್ಲ. ಚೆನ್ನೈನ ಅಡ್ಯಾರಿನಲ್ಲಿ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಮ್ಮದೊಂದು ಪುಟ್ಟ ಕ್ಲಿನಿಕ್ ಇದೆ. ಗಂಡಸರಿಗೆ ಬರುವ ಲೈಂಗಿಕ ರೋಗಗಳ ಬಗ್ಗೆ ಅವರಿರುವಲ್ಲಿಗೇ ಹೋಗಿ ಹೇಳುವುದು, ರಕ್ತ ಪರೀಕ್ಷಿಸುವುದು, ಕಾಂಡೋಮ್ ಕೊಡುವುದು, ಸೋಂಕಿದ್ದವರ ಚಿಕಿತ್ಸೆ ಮುಗಿಯುವ ತನಕ ಬೆನ್ನು ಬಿಡದಿರುವುದು, ಇಷ್ಟು ನಮ್ಮ ಕೆಲಸ. ನಾನು ಅಲ್ಲಿ ಕೌನ್ಸೆಲರ್. ಮೈಸೂರಿನವಳು, ಗಂಡನ ನೌಕರಿಯ ಹಿಂದೆ ಚೆನ್ನೈಗೆ ಬಂದವಳು. ಕನ್ನಡದವರ ಮದುವೆ ಮುಂಜಿಯಲ್ಲಿ ಏನು ಕೆಲಸ ಅಂತ ಯಾರಾದರೂ ಕೇಳಿದರೆ 'ಹೆಲ್ತ್' ಅನ್ನುತ್ತೇನೆ. ಯೋಗಾನಾ ಅನ್ನುತ್ತಾರೆ. ಹೂಂ ಅಂದುಬಿಡುತ್ತೇನೆ.

ನನ್ನ ಜೊತೆ ಊರು ಸುತ್ತುವವನು ಒಬ್ಬ ತಮಿಳಿನವನು. ಗಂಡಸರನ್ನೇ ಇಷ್ಟಪಡುವ ಗಂಡಸು, ಅದನ್ನು ಎಲ್ಲೂ ಬಚ್ಚಿಡದವನು. ಬೀಚಿನಲ್ಲಿ, ಪಾರ್ಕಿನಲ್ಲಿ ತನ್ನಂಥ ಗೆಳೆಯರ ನಡುವೆ ವರ್ಷಗಟ್ಟಲೆ ಓಡಾಡಿ ಈ ಕೆಲಸ ಕಲಿತಿದ್ದಾನೆ. ರೋಗಕ್ಕೆ ಯಾರೂ ಅಷ್ಟು ಹೆದರುವುದಿಲ್ಲ ಅಕ್ಕಾ, ಗೊತ್ತಾಗುವುದಕ್ಕೆ ಹೆದರುತ್ತಾರೆ ಅಂತ ಮೊದಲ ದಿನವೇ ಹೇಳಿದ್ದ. ಅವನು ಹೇಳಿದ್ದು ಎಷ್ಟು ನಿಜ ಅನ್ನುವುದಕ್ಕೆ ಇವು ಕೆಲವು ಪ್ರಸಂಗಗಳು. ಸಂಬಂಧಪಟ್ಟವರು ಹೇಳಿಕೊಳ್ಳಿ ಅಂದದ್ದಕ್ಕೇ ಹೇಳುತ್ತಿದ್ದೇನೆ, ಗುರುತು ಸಿಗದಂತೆ ಅಲ್ಲಲ್ಲಿ ಬದಲಾಯಿಸಿಯೂ ಇದ್ದೇನೆ.

ಯಾವೂರಾಯ್ತು?

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಕನ್ನಡ ಬರುತ್ತದೆ ಅಂತ. ಚೆನ್ನೈನಲ್ಲಿ ಕನ್ನಡದ ಗಂಡಸರು ಬೇಕಾದಷ್ಟಿದ್ದಾರೆ, ಅವರ ಭಾಷೆಯವಳೇ ಕೂತರೆ ಬಾಯಿ ಬಿಡುತ್ತಾರೆ ಅಂತ ನಮ್ಮ ಡಾಕ್ಟರ ಲೆಕ್ಕಾಚಾರ.

ಪೆರುಂಗುಡಿಯ ಕಂಪನಿಯೊಂದರಿಂದ ಒಬ್ಬ ಬಂದ. ಮೂವತ್ತು ದಾಟಿದವನು, ಕೊರಳಲ್ಲಿ ಐಡಿ ಕಾರ್ಡು ನೇತಾಡುತ್ತಿತ್ತು. ಇಂಗ್ಲಿಷಿನಲ್ಲಿ ಮಾತು ಶುರುವಾಯಿತು. ಎಂಥ ಧೈರ್ಯ ಅಂತೀರಿ, ನಾನು ಕೇಳಿದ್ದಕ್ಕೂ ಉತ್ತರ ಹೇಳಿದ, ಕೇಳದ್ದಕ್ಕೂ ಹೇಳಿದ. ನನಗೇ ಸ್ವಲ್ಪ ನೀರು ಕುಡಿಯಬೇಕಾಯಿತು. ಅಷ್ಟರಲ್ಲಿ ಅವನಿಗೆ ಫೋನು ಬಂತು. "ಆಯ್ತಮ್ಮ, ಊಟ ಆಯ್ತು, ಹುಳಿ ಮಾಡಿದ್ರು" ಅಂದು ಇಟ್ಟ.

ನನಗೆ ಹೋದ ಜೀವ ಬಂದಂತಾಯಿತು. ಈ ಊರಿನಲ್ಲಿ 'ಹುಳಿ' ಅನ್ನುವವರು ಸಿಗಬೇಕಲ್ಲ. ತರಬೇತಿಯಲ್ಲಿ ಕಲಿಸಿದ್ದೆಲ್ಲ ಮರೆತು, ಮುಖ ಅರಳಿಸಿಕೊಂಡು, "ಅಯ್ಯೋ ನಮ್ಮವರೇ. ಯಾವೂರಾಯ್ತು? ಮೈಸೂರ ಕಡೇನಾ?" ಅಂದುಬಿಟ್ಟೆ.

ಅವನ ಮುಖದ ಬಣ್ಣವೇ ಇಳಿದುಹೋಯಿತು. ಎದ್ದು ನಿಂತ. ಅಲ್ಲಿಯವರೆಗೆ ನನ್ನನ್ನು ಮ್ಯಾಡಮ್ ಅನ್ನುತ್ತಿದ್ದವನು ಕೈ ಜೋಡಿಸಿ, "ಅಮ್ಮಂಗೆ ಹೇಳ್ಬೇಡಿ ಆಂಟಿ" ಅಂದ.

ಆಫೀಸಿನಲ್ಲಿ ಕೊಟ್ಟದ್ದು

ಕಾಂಡೋಮ್ ಹಾಕುವ ವಿಧಾನ ತೋರಿಸುವುದಕ್ಕೆ ನಮಗೆಲ್ಲ ಮರದ ಒಂದು ಮಾದರಿ ಕೊಡುತ್ತಾರೆ. ಯಾವುದರ ಮಾದರಿ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಮುಗಿಸಿ ಬಂದರೆ ಅದು ನನ್ನ ಚೀಲದಲ್ಲಿ, ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ಇರುತ್ತದೆ.

ಮೈಸೂರಿನಿಂದ ಅತ್ತೆ ಬಂದಿದ್ದರು. ಎಂಬತ್ತು ದಾಟಿದವರು, ಹಲ್ಲಿಲ್ಲ, ಎಲೆಯಡಿಕೆ ಮಾತ್ರ ಬೇಕೇ ಬೇಕು. ಕುಟ್ಟಾಣಿ ತಂದಿದ್ದರು, ಅದರ ಕುಟ್ಟುವ ಕಡ್ಡಿಯನ್ನು ಊರಿನಲ್ಲೇ ಮರೆತಿದ್ದರು. ಒಂದು ಸಂಜೆ ನಾನು ಸ್ನಾನ ಮುಗಿಸಿ ಬರುವಾಗ ನಡುಮನೆಯಲ್ಲಿ ಟಕ್ ಟಕ್ ಅಂತ ಸದ್ದು. ಅತ್ತೆ ಕಾಲು ಚಾಚಿ ಕೂತು ನೆಮ್ಮದಿಯಾಗಿ ಅಡಿಕೆ ಕುಟ್ಟುತ್ತಿದ್ದಾರೆ. ಕೈಯಲ್ಲಿ ನಮ್ಮ ಆಫೀಸಿನ ಆಸ್ತಿ. ನನ್ನ ಮಗಳು ಸೋಫಾದ ದಿಂಬಿನಲ್ಲಿ ಮುಖ ಹುದುಗಿಸಿಕೊಂಡು ಅಲುಗುತ್ತಿದ್ದಳು. ಏನೇ ಅದು ಅಂದರೆ, "ಎನಕ್ಕು ತೆರಿಯಾದುಮ್ಮಾ" ಅಂದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಉತ್ತರ ಕೊಡುವುದು ತಮಿಳಿನಲ್ಲೇ. ಗೊತ್ತಿಲ್ಲ ಅನ್ನುವ ಮುಖ ಮಾತ್ರ ಅದಾಗಿರಲಿಲ್ಲ.

"ಎಲ್ಲಿ ತಗೊಂಡ್ಯೇ ಇದನ್ನ?" ಅಂದರು ಅತ್ತೆ.

ಆಫೀಸಿನಲ್ಲಿ ಕೊಟ್ಟದ್ದು ಅಂದೆ. ಅದು ಸುಳ್ಳೇನಲ್ಲ.

"ಹಿಡಿತ ಎಷ್ಟು ಚೆನ್ನಾಗಿದೆ ನೋಡು. ಇನ್ನೊಂದು ಕೇಳಿ ಇಸ್ಕೋ, ನನ್ನ ತಂಗಿಗೂ ಆಗುತ್ತೆ."

ನಮ್ಮಲ್ಲಿ ಬೆಳ್ಳುಳ್ಳಿಯೂ ಇಲ್ಲ

ಪುರಸೈವಾಕ್ಕಂನಲ್ಲಿ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳ ನಡುವೆ ಒಂದು ಹೋಟೆಲು. ಯಜಮಾನರು ಕುಂದಾಪುರದ ಕಡೆಯವರು, ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ. ಕೆಲಸದವರೆಲ್ಲ ಅವರ ಊರಿನ ಸುತ್ತಮುತ್ತಲಿನವರೇ. ಅವರನ್ನು ಧಣಿ ಅನ್ನುತ್ತಾರೆ, ಹೋಟೆಲಿನ ಮೇಲಿನ ಕೋಣೆಗಳಲ್ಲಿ ಮಲಗುತ್ತಾರೆ, ವರ್ಷಕ್ಕೊಂದು ಸಲ ಊರಿಗೆ ಹೋಗುತ್ತಾರೆ. ಹೀಗೆ ಮನೆ ಬಿಟ್ಟು ಒಟ್ಟಿಗಿರುವ ಗಂಡಸರನ್ನು ಪರೀಕ್ಷೆ ಮಾಡಬೇಕು ಅಂತ ನಮಗೆ ಬಹಳ ದಿನದಿಂದ ಇತ್ತು.

ನಾನೂ ನನ್ನ ಜೊತೆಗಾರನೂ ಹೋಗಿ ಗಲ್ಲಾದ ಮುಂದೆ ನಿಂತು, ದನಿ ತಗ್ಗಿಸಿ ವಿಷಯ ಹೇಳಿದೆವು. ಧಣಿಗೆ ಸಿಟ್ಟೇನೂ ಬರಲಿಲ್ಲ. ನಮ್ಮ ಮೇಲೆ ಕನಿಕರ ಬಂದಂತೆ ಕಂಡಿತು.

"ನಮ್ದ್ ಪ್ಯೂರ್ ವೆಜ್ ಮಾರಾಯ್ರೆ. ಬೆಳ್ಳುಳ್ಳಿ ಸೈತ ಹಾಕುದಿಲ್ಲ. ನಮ್ಮ ಹುಡುಗ್ರಿಗೆ ಅದೆಲ್ಲ ಎಲ್ಲಿಂದ ಬತ್ತ್?"

ಕಾಫಿ ಕೊಟ್ಟು ಕಳಿಸಿದರು. ಆಮೇಲೂ ಹೋದೆವು, ಆಮೇಲೂ ಕಾಫಿಯೇ. ಕೊನೆಗೆ ನಮ್ಮ ಕಾಟಕ್ಕೋ ಕಾಫಿಪುಡಿಯ ಖರ್ಚಿಗೋ ಒಪ್ಪಿದರು. ಇಷ್ಟವಿದ್ದವರು ಮಾತ್ರ ಮಾಡಿಸಿಕೊಳ್ಳಲಿ ಅಂದೆ, ಅದಕ್ಕೂ ಸರಿ ಅಂದರು. ಆದರೆ ಯಾರಿಗೆ ಏನಿದೆ ಅಂತ ತಮಗೆ ಹೇಳಬೇಕು ಅಂದರು. ಅದು ಆಗುವುದಿಲ್ಲ ಅಂದೆ. ನನ್ನ ಹುಡುಗರದ್ದು ನನಗೇ ಹೇಳದಿದ್ದರೆ ಹೇಗೆ ಅಂತ ಮುಖ ಗಂಟಿಕ್ಕಿದರು. ನಿಮ್ಮದನ್ನೂ ಅವರಿಗೆ ಹೇಳುವುದಿಲ್ಲವಲ್ಲ ಅಂದೆ.

ಅದಕ್ಕೆ ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಂದ್ ಹೇಳೂಕೆ ಎಂತ ಇತ್ತ್ ಮಾರಾಯ್ರೆ."

ಮೊದಲ ಹನಿ

ಆ ಹೋಟೆಲಿನಲ್ಲಿ ಒಂದು ಪದ್ಧತಿ. ಹೊಸ ಒಲೆ ಬರಲಿ, ಗ್ರೈಂಡರ್ ಬರಲಿ, ಕಾರ್ಡು ಉಜ್ಜುವ ಮಿಷನ್ನೇ ಬರಲಿ, ಪೂಜೆ ಆಗದೆ ಯಾರೂ ಮುಟ್ಟುವಂತಿಲ್ಲ, ಪೂಜೆ ಆದಮೇಲೆ ಮೊದಲು ಕೈ ಹಾಕುವುದು ಧಣಿ. ಹೇಳಿದ ದಿನ ನಾವು ಪರೀಕ್ಷೆಯ ಪೆಟ್ಟಿಗೆ ಹೊತ್ತು ಹೋದರೆ ಮೇಲಿನ ಕೋಣೆಯಲ್ಲಿ ಪೂಜೆಯ ಭಟ್ಟರು ಮಣೆ ಹಾಕಿ, ದೀಪ ಹಚ್ಚಿ ಕಾಯುತ್ತಿದ್ದರು. ಸಿಫಿಲಿಸ್ ಕಿಟ್ಟುಗಳಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಮಂಗಳಾರತಿ ಎತ್ತಿದರು. ನನ್ನ ಜೊತೆಗಾರ ಏನು ನಡೆಯುತ್ತಿದೆ ಅಂತ ತಿಳಿಯದೆ ಆರತಿ ತೆಗೆದುಕೊಂಡ. ಕಾಂಡೋಮಿನ ಡಬ್ಬಿ ಪಕ್ಕದಲ್ಲೇ ಇತ್ತು. ಅದನ್ನೇಕೆ ಬಿಡಬೇಕು ಅಂತ ಭಟ್ಟರು ಅದರ ಮೇಲೂ ಒಂದು ಹೂ ಹಾಕಿದರು.

ಧಣಿ ಅಂಗಿಯ ತೋಳು ಮಡಚಿ ಮೊದಲು ಬೆರಳು ಕೊಟ್ಟರು. ಧಣಿಯೇ ಕೊಟ್ಟಮೇಲೆ ಹಿಂದೆ ನಿಲ್ಲುವವರು ಯಾರು. ಅಡಿಗೆಯವರು, ಸಪ್ಲೈಯರುಗಳು, ದೋಸೆ ಮಾಸ್ಟರ್, ಎಲ್ಲ ಸಾಲು ನಿಂತರು. ವರ್ಷಗಟ್ಟಲೆ ಬೀದಿ ಸುತ್ತಿದರೂ ನಮಗೆ ಅಷ್ಟು ಜನ ಒಂದೇ ದಿನ ಸಿಕ್ಕಿದ್ದಿಲ್ಲ.

ಎಲ್ಲ ಮುಗಿದು ಪೆಟ್ಟಿಗೆ ಮುಚ್ಚುವಾಗ ಭಟ್ಟರು ಬಂದು ಪ್ರಸಾದ ಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದು, ಪೂಜೆ ಮಾಡಿದವರಿಗೂ ಒಂದು ಟೆಸ್ಟು ಉಂಟೋ ಅಂತ ಕೇಳಿದರು.

ಎರಡು ಮಂಗಳವಾರ

ಲ್ಯಾಬಿನಿಂದ ಖಚಿತವಾಗಿ ಬಂದಾಗ ಇಬ್ಬರಿಗೆ ಸಿಫಿಲಿಸ್ ಇತ್ತು. ಒಬ್ಬ ದೋಸೆ ಮಾಸ್ಟರ್. ಇನ್ನೊಬ್ಬರು ಧಣಿ.

ಔಷಧಿ ಸುಲಭ. ವಾರಕ್ಕೊಂದರಂತೆ ಮೂರು ವಾರ ಪೆನಿಸಿಲಿನ್, ಸೊಂಟದ ಕೆಳಗೆ. ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ. ಹಾಗೇ ಬಿಟ್ಟುಬಿಟ್ಟರೆ ಮುಂದೆ ಹೃದಯಕ್ಕೆ, ಮೆದುಳಿಗೆ ಏರುವ ಕಾಯಿಲೆ. ಇದನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದೆ.

ಮಾಸ್ಟರ್ ನನ್ನ ಮುಂದೆ ಅತ್ತ. "ಧಣಿಗ್ ಗೊತ್ತಾರೆ ಅವತ್ತೇ ಬಸ್ ಹತ್ತಿಸ್ತ್ರ್ ಮೇಡಂ. ಊರಗೆ ಎಂತಕ್ ಬಂದೆ ಅಂದ್ರೆ ನಾನ್ ಎಂತ ಹೇಳೂದ್?" ಅಂದ. ಅವನ ಸಂಬಳದಲ್ಲೇ ಅವರ ಮನೆ ನಡೆಯುವುದು. ಅವನ ವಾರದ ಅರ್ಧ ರಜೆ ಮಂಗಳವಾರ ಮಧ್ಯಾಹ್ನ, ಆಗ ಬಾ ಅಂದೆ. ಧಣಿ ಅಳಲಿಲ್ಲ. ಹೆಂಡತಿ ಹೋದಮೇಲೆ ಮನೆ ಅನ್ನುವುದು ಬರೀ ಬೀಗ ತೆಗೆಯುವ ಜಾಗವಾಯಿತು ಅಂದರು. ಹುಡುಗರಿಗೆ ತಿಳಿದರೆ ನನ್ನ ಮಾತಿಗೆ ಬೆಲೆ ಎಲ್ಲಿರುತ್ತದೆ ಅಂದರು. ಅವರಿಗೆ ಮಂಗಳವಾರ ಬೆಳಿಗ್ಗೆ ಅಂತ ಗೊತ್ತುಮಾಡಿದೆ. ಇಬ್ಬರ ಮಾತೂ ಕೇಳಿದವಳು ನಾನೊಬ್ಬಳೇ, ಆದರೆ ಬಾಯಿ ಹೊಲಿದುಕೊಂಡಿರುವುದೇ ನನ್ನ ಕೆಲಸ.

ಮೊದಲ ವಾರ ಸುಸೂತ್ರ. ಆ ಇಂಜೆಕ್ಷನ್ನು ಹಾಕಿಸಿಕೊಂಡವರಿಗೇ ಗೊತ್ತು, ನಾಲ್ಕು ದಿನ ಕೂರುವ ಮಾತೇ ಇಲ್ಲ. ಮಾಸ್ಟರಿಗೆ ಅದರಿಂದ ತೊಂದರೆಯಾಗಲಿಲ್ಲ, ಅವನು ಹೇಗೂ ದಿನವಿಡೀ ದೋಸೆ ಕಾವಲಿಯ ಮುಂದೆ ನಿಲ್ಲುವವನು. ಎರಡನೇ ವಾರ ಬಂದಾಗ ಮಾತ್ರ ಅವನ ಮುಖ ಸಪ್ಪಗಿತ್ತು. ಧಣಿಗೆ ಗೊತ್ತಾಗಿದೆ, ಮುಂದಿನ ವಾರ ನಾನು ಬರುವುದಿಲ್ಲ ಅಂದ. ಹೇಗೆ ಹೇಳುತ್ತೀಯ ಅಂದೆ. ಇಷ್ಟು ವರ್ಷ ಗಲ್ಲಾದಲ್ಲಿ ಕೂತೇ ಇರುತ್ತಿದ್ದವರು ಕಳೆದ ಮಂಗಳವಾರದಿಂದ ಎದ್ದು ನಿಂತು ನನ್ನ ಮೇಲೇ ಕಣ್ಣಿಟ್ಟಿದ್ದಾರೆ ಅಂದ.

ಅದೇ ದಿನ ಬೆಳಿಗ್ಗೆ ಧಣಿ ಬಂದು ಹೋಗಿದ್ದರು. ಇದೇ ಕೊನೆ, ಇನ್ನು ಬರುವುದಿಲ್ಲ ಅಂದಿದ್ದರು. ನಾನು ಗಲ್ಲಾದಲ್ಲಿ ನಿಂತಾಗಿನಿಂದ ಆ ದೋಸೆ ಮಾಸ್ಟರ್ ನನ್ನ ಸೊಂಟವನ್ನೇ ನೋಡುತ್ತಾನೆ, ಅವನಿಗೆ ಏನೋ ವಾಸನೆ ಹತ್ತಿದೆ ಅಂತ.

ಖಾಲಿ ಕುರ್ಚಿಗಳು

ಆ ವಾರವೆಲ್ಲ ಇಬ್ಬರಿಗೂ ಫೋನು ಮಾಡಿ ಗೋಗರೆದೆ, ಒಂದೇ ಒಂದು ಉಳಿದಿದೆ, ಹಾಳು ಮಾಡಿಕೊಳ್ಳಬೇಡಿ ಅಂತ. ಇಬ್ಬರೂ ನೋಡುವ ಅಂದರು. ಕುಂದಾಪುರದ ಕಡೆಯವರು ನೋಡುವ ಅಂದರೆ ಬರುವುದಿಲ್ಲ ಅಂತಲೇ ಅರ್ಥ ಅಂದುಕೊಂಡು ನನಗೆ ಅನ್ನ ಇಳಿಯಲಿಲ್ಲ. ಮನೆಯಲ್ಲಿ ಗಂಡನ ಮೇಲೆ ಹಾರಾಡಿದೆ.

ಮಂಗಳವಾರ ಬೆಳಗಿನಿಂದಲೇ ಮಳೆ ಹೊಯ್ಯಿತು. ಚೆನ್ನೈನಲ್ಲಿ ಮಳೆ ಬಂದರೆ ಬಸ್ಸು ದೋಣಿಯಾಗಬೇಕು, ಇಲ್ಲದಿದ್ದರೆ ನಿಂತುಬಿಡಬೇಕು. ನಮ್ಮದು ನಿಂತಿತು. ಮೊಣಕಾಲುದ್ದ ನೀರಿನಲ್ಲಿ ನಡೆದು ನಾನು ಕ್ಲಿನಿಕ್ ತಲುಪುವಾಗ ಮಧ್ಯಾಹ್ನ ದಾಟಿತ್ತು. ಬಾಗಿಲಲ್ಲೇ ನರ್ಸು ಸಿಕ್ಕಿ, ನಿಮ್ಮ ಇಬ್ಬರೂ ಬಂದಿದ್ದರು, ಇಬ್ಬರಿಗೂ ಆಯಿತು ಅಂದಳು. ಬೆಳಿಗ್ಗೆ ಬರಬೇಕಾದವರು ಮಳೆಗೆ ಸಿಕ್ಕಿ ಈಗ ಬಂದರು, ಒಬ್ಬರನ್ನು ಒಳಗಿನ ಕೋಣೆಯಲ್ಲಿ, ಇನ್ನೊಬ್ಬರನ್ನು ಪರದೆಯ ಹಿಂದೆ ಮಲಗಿಸಿದೆ, ಒಬ್ಬರನ್ನೊಬ್ಬರು ನೋಡಲಿಲ್ಲ ಅಂದಳು. ಈಗ ಎಲ್ಲಿ ಅಂದೆ. ಇಂಜೆಕ್ಷನ್ ಆದಮೇಲೆ ಅರ್ಧ ಗಂಟೆ ಕಾಯಬೇಕಲ್ಲ, ಹೊರಗಿನ ಕೋಣೆಯಲ್ಲಿದ್ದಾರೆ ಅಂದಳು.

ಓಡಿ ಹೋಗಿ ನೋಡಿದರೆ ಕೋಣೆಯ ತುಂಬ ಪ್ಲಾಸ್ಟಿಕ್ ಕುರ್ಚಿಗಳು, ಎಲ್ಲ ಖಾಲಿ. ಧಣಿ ಒಂದು ಗೋಡೆಗೆ ಮುಖ ಮಾಡಿ ಕಾಂಡೋಮಿನ ಪೋಸ್ಟರನ್ನು ಭಕ್ತಿಯಿಂದ ಓದುತ್ತಿದ್ದರು. ಮಾಸ್ಟರ್ ಎದುರು ಗೋಡೆಗೆ ಮುಖ ಮಾಡಿ, ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ತಮಿಳು ಸೂಚನೆ ಓದುತ್ತಿದ್ದ. ಅವನಿಗೆ ತಮಿಳು ಓದಲು ಬರುವುದಿಲ್ಲ.

ಏನು ಮಾಡಬೇಕೋ ತೋಚದೆ, ಬಂದವರಿಗೆ ಹೇಳುವ ಮಾತನ್ನೇ ಹೇಳಿದೆ. ಕೂತ್ಕೊಳ್ಳಿ ಅಂದೆ.

ಬೇಡ ಅಂತ ಎರಡು ಗೋಡೆಗಳಿಂದ ಒಂದೇ ಸಲ ಉತ್ತರ ಬಂತು.

ಧಣಿ ತಿರುಗಿದರು. ಮಾಸ್ಟರ್ ತಿರುಗಿದ. ಇವತ್ತೇ ಬಸ್ಸು ಅಂತ ಅವನ ಕಣ್ಣಲ್ಲೇ ಬರೆದಿತ್ತು. ಧಣಿ ಅವನನ್ನು ನೋಡಿದರು, ಖಾಲಿ ಕುರ್ಚಿಗಳನ್ನು ನೋಡಿದರು, ಸೊಂಟದ ಮೇಲಿದ್ದ ಅವನ ಕೈ ನೋಡಿದರು. ಹಾಗೆಯೇ ತಮ್ಮ ಸೊಂಟದ ಮೇಲಿದ್ದ ಕೈಯನ್ನೂ ನೋಡಿಕೊಂಡರು.

"ಯಾವ ಬದಿಗ್ ಹಾಕ್ರಾ?" ಅಂದರು.

"ಎರಡೂ ಬದಿಗ್ ಧಣಿ."

"ನಂಗೂ."

ಹೊರಗೆ ಮಳೆ ಸುರಿಯುತ್ತಲೇ ಇತ್ತು. ಮಾಸ್ಟರ್ ಕಣ್ಣೊರೆಸಿಕೊಂಡ. ಧಣಿ ನಿಧಾನಕ್ಕೆ ಕುಂಟುತ್ತ ಅವನ ಬಳಿ ಹೋಗಿ ಹೆಗಲ ಮೇಲೆ ಕೈ ಇಟ್ಟರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

"ಹೆದರಬ್ಯಾಡ. ನಾಳಿಗೆ ನೀ ಕಾವಲಿ ಹತ್ರ ನಿಲ್ಲುದ್ ಬ್ಯಾಡ, ಆ ದೋಸೆ ನಾನೇ ಹಾಕ್ತೆ" ಅಂದರು ಧಣಿ. "ನೀ ನನ್ನ ಜಾಗದಗೆ ಗಲ್ಲಾದ ಮೇಲೆ ಕೂಕೋ."

ಆ ಹೋಟೆಲಿನಲ್ಲಿ ಅಂಥ ಮರ್ಯಾದೆ ಯಾರಿಗೂ ಸಿಕ್ಕಿದ್ದಿಲ್ಲವಂತೆ. ಮಾಸ್ಟರ್ ಕೈ ಮುಗಿದು, "ಅದೊಂದ್ ಆತಿಲ್ಲೆ ಧಣಿ. ಬೇಕಾರೆ ಬಸ್ಸೇ ಹತ್ತಿಸಿ, ನಿಂತ್ಕಂಡೇ ಹೋತೆ" ಅಂದ.