ಅಮ್ಮನ ಮಡಿಯೂ ನಾನು ತಂದ ಉಲ್ಲನ್ನೂ

ದೊಡ್ಡ ಸುಳ್ಳು ಹೇಳಲು ಧೈರ್ಯ ಬೇಕು, ಜ್ಞಾಪಕಶಕ್ತಿ ಬೇಕು, ಮುಖದ ಮೇಲೆ ಹಿಡಿತ ಬೇಕು. ಈ ಮೂರರಲ್ಲಿ ಒಂದೂ ನನ್ನ ಬಳಿ ಇಲ್ಲ. ನಾನು ಹೇಳುವುದೆಲ್ಲ ಸಣ್ಣ ಸುಳ್ಳು, ಅದೂ ಬರೀ ಸೋಮಾರಿತನಕ್ಕೆ. ಕಾಗದ ಅಂಚೆಗೆ ಹಾಕಿದಿರಾ ಎಂದರೆ ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹಾಕಿದೆ ಎನ್ನುವುದು, ಬಾವಿಯ ಹಗ್ಗ ಕೇಳಿದಿರಾ ಎಂದರೆ ಅಂಗಡಿಯ ಕಡೆ ತಲೆಯನ್ನೂ ಹಾಕದೆ ಮುಗಿದುಹೋಗಿದೆಯಂತೆ ಎನ್ನುವುದು, ಇಂಥವು. ಇವುಗಳಿಂದ ಯಾರ ಮನೆಯೂ ಮುಳುಗುವುದಿಲ್ಲ ಎಂದು ಮೂವತ್ತೈದು ವರ್ಷ ನಂಬಿಕೊಂಡು ಬಂದೆ. ಎಪ್ಪತ್ತರ ದಶಕದ ಕೊನೆಯ ಒಂದು ಚೌತಿಗೆ, ಇಂಥದೇ ಒಂದು ಸಣ್ಣ ಸುಳ್ಳು ನನ್ನ ಅಮ್ಮ ಐವತ್ತು ವರ್ಷ ಕಾಪಾಡಿಕೊಂಡು ಬಂದ ಮಡಿಯನ್ನೇ ಕೆಡಿಸುವಷ್ಟು ದೊಡ್ಡದಾಗಿ ಬೆಳೆದು ನಿಂತಿತು. ಆ ಹದಿನೈದು ದಿನ ನಾನು ಪಟ್ಟ ಪಾಡು ನನಗೇ ಗೊತ್ತು.

ಎಲ್ಲಕ್ಕೂ ಮೂಲ ನಮ್ಮ ಪಕ್ಕದ ಮನೆಯ ಸೆಲಿನ್ ಬಾಯಿ. ಆಗ ನಾವು ಉಡುಪಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಮಣಿಪಾಲದ ಒಂದು ಆಫೀಸಿನಲ್ಲಿ ಗುಮಾಸ್ತ. ಸೆಲಿನ್ ಬಾಯಿ ಕಾಪುವಿನ ಕಡೆಯವರು. ಮನೆಯೊಳಗೆ ಕೊಂಕಣಿ, ನಮ್ಮೊಡನೆ ತುಳು, ಸಿಟ್ಟು ಬಂದರೆ ಕನ್ನಡ. ಪ್ರತಿ ಕ್ರಿಸ್‌ಮಸ್ಸಿಗೆ ಅವರ ಜಗಲಿಯ ಮೂಲೆಯಲ್ಲಿ ಬೈಹುಲ್ಲಿನ ಗೋದಲಿ ಏಳುತ್ತಿತ್ತು. ಅದರೊಳಗಿನ ಮಣ್ಣಿನ ಕುರಿಗಳ ಕಾಲುಗಳು ವರ್ಷಕ್ಕಿಷ್ಟು ಎಂದು ಮುರಿಯುತ್ತಾ ಬಂದು, ಕೊನೆಗೆ ಒಂದು ಕುರಿಗೂ ಎದ್ದು ನಿಲ್ಲುವ ಯೋಗ ಇಲ್ಲದಾದಾಗ, ಬಾಯಿ ಉಲ್ಲನ್ ನೂಲು ಸುತ್ತಿ ಕುರಿ ಮಾಡಲು ಶುರು ಮಾಡಿದರು. ಗಲ್ಫಿನಲ್ಲಿದ್ದ ಅವರ ತಮ್ಮ ಫೆಲ್ಟ್ ಬಟ್ಟೆ ಕಳುಹಿಸುತ್ತಿದ್ದ. ಹಾರ್ಮೋನಿಯಂ ಪೆಟ್ಟಿಗೆಯ ಒಳಗೆ ಅಂಟಿಸಿರುತ್ತಾರಲ್ಲ, ಅಂಥ ಮೆತ್ತಗಿನ ದಪ್ಪ ಬಟ್ಟೆ. ಅದರಲ್ಲಿ ನಕ್ಷತ್ರ, ಗಂಟೆ, ದೇವದೂತರು ಎಲ್ಲ ತಯಾರಾದವು. ನೋಡಲು ಹೋದ ನನ್ನ ಹೆಂಡತಿ ವಾರಿಜಾ ಕತ್ತರಿ ಹಿಡಿದುಕೊಂಡೇ ವಾಪಸು ಬಂದಳು.

ವಾರಿಜಾ ಕಲಿತದ್ದೇನೋ ಚೆನ್ನಾಗಿಯೇ ಕಲಿತಳು. ಕಷ್ಟವೆಂದರೆ ಬಾಯಿಯ ಹತ್ತಿರ ಇದ್ದ ರಟ್ಟಿನ ಮಾದರಿಗಳೆಲ್ಲ ಕ್ರಿಸ್‌ಮಸ್ಸಿನವು, ಇವಳಿಗೆ ಬೇಕಾದದ್ದು ಚೌತಿಗೆ. ಅವಳು ಅದಕ್ಕೆಲ್ಲ ಹೆದರುವವಳಲ್ಲ. ನಕ್ಷತ್ರದ ಮೂಲೆಗಳನ್ನು ಉರುಟು ಮಾಡಿ ತಾವರೆ ಎಂದಳು. ಯಾವುದೋ ಪರದೇಶದ ಎಲೆಯ ಮಾದರಿ ಇಟ್ಟು ಹಸಿರು ಫೆಲ್ಟಿನಲ್ಲಿ ಮಾವಿನೆಲೆಯ ತೋರಣ ಕತ್ತರಿಸಿದಳು. ಆ ಎಲೆಯ ಅಂಚಿಗೆಲ್ಲ ಮುಳ್ಳು. "ಮಾವಿನ ಎಲೆಗೆ ಮುಳ್ಳು ಉಂಟಾ?" ಎಂದೆ. "ನೀವು ಸ್ವಲ್ಪ ದೂರ ನಿಂತು ನೋಡಿ," ಎಂದಳು. ಎಷ್ಟು ದೂರ ನಿಂತರೂ ಮುಳ್ಳು ಮುಳ್ಳೇ. ಗಣಪತಿಗೆ ಇಲಿ ಬೇಡವೇ? ಕುರಿಯ ಮಾದರಿ ಇದ್ದೇ ಇತ್ತು. ಅದಕ್ಕೆ ಒಂದು ಗೇಣು ಬಾಲ ಹೊಲಿದಳು. ಮೈತುಂಬ ಸುರುಳಿ ಕೂದಲಿನ, ಮೇಯಲು ಹೊರಟ ಮುಖದ ಆ ಇಲಿ ನಮ್ಮ ಮೇಜಿನ ಮೇಲೆ ತಿಂಗಳುಗಟ್ಟಲೆ ನನ್ನನ್ನೇ ದಿಟ್ಟಿಸುತ್ತಾ ಕೂತಿತ್ತು.

ತೋರಣದ ಗೊಂಡೆಗಳಿಗೆ ಮಾತ್ರ ಒಳ್ಳೆಯ ಉಣ್ಣೆ ಬೇಕು ಎಂದು ಬಾಯಿ ಹೇಳಿಕೊಟ್ಟಿದ್ದರು. ನೈಲಾನಿನದ್ದಾದರೆ ಗೊಂಡೆ ಅರಳುವುದಿಲ್ಲವಂತೆ. ಅದಕ್ಕೆ ಮಂಗಳೂರಿಗೇ ಹೋಗಬೇಕು. ಭಾನುವಾರ ಅಂಗಡಿಗೆ ಬಾಗಿಲು, ಬೇರೆ ದಿನ ಹೋಗಲು ರಜೆ ಹಾಕಬೇಕು, ಬಸ್ಸಿನಲ್ಲಿ ಒಂಟಿ ಕಾಲಿನಲ್ಲಿ ನೇತಾಡಬೇಕು. ಇಷ್ಟನ್ನೆಲ್ಲ ಯೋಚಿಸುವಾಗಲೇ ನನಗೆ ಸುಸ್ತಾಯಿತು. ಆಫೀಸಿನಿಂದ ಬರುವ ದಾರಿಯಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವನು ಸತ್ಯಸಂಧ. "ಇದು ಉಣ್ಣೆಯದ್ದಲ್ಲ ಮಾರಾಯ್ರೆ, ನೈಲಾನಿನ ಜಾತಿಯದ್ದೇ. ಬಣ್ಣ ಮಾತ್ರ ಒಳ್ಳೇದುಂಟು," ಎಂದ. ಬಣ್ಣ ಒಳ್ಳೆಯದಿದ್ದರೆ ಸಾಕಲ್ಲ! ಅರಶಿನ, ಕೆಂಪು, ಹಸಿರು ಎಂದು ಒಂದು ರಾಶಿ ನೂಲಿನ ಲಡಿ ಕಟ್ಟಿಸಿಕೊಂಡು ಬಂದು, "ಮಂಗಳೂರಿಗೆ ಹೋಗುವವರ ಹತ್ತಿರ ತರಿಸಿದೆ. ಶುದ್ಧ ಉಣ್ಣೆ," ಎಂದೆ. ವಾರಿಜಾ ಒಂದು ಲಡಿ ಎತ್ತಿ ಮೂಸಿ ನೋಡಿ, "ಹೌದಾ?" ಎಂದು ಒಳಗೆ ಹೋದಳು. ಅಲ್ಲಿಗೆ ಆ ವಿಷಯ ಮುಗಿಯಿತು ಎಂದುಕೊಂಡೆ.

ಚೌತಿಗೆ ಹದಿನೈದು ದಿನ ಇರುವಾಗ ಬಜಗೋಳಿಯ ಅಣ್ಣನ ಮನೆಯಿಂದ ಅಮ್ಮ ಬಂದಳು. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿ, ಹಬ್ಬ ಮುಗಿಸಿಕೊಂಡು ಹೋಗುವುದೆಂದು ತೀರ್ಮಾನ. ಅಮ್ಮನ ಮಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮಡಿಯಲ್ಲಿ ಇದ್ದಾಗ ಅಮ್ಮನ ಹತ್ತಿರ ನಾವು ಬಿಡಿ, ನಮ್ಮ ನೆರಳೂ ಸುಳಿಯುವಂತಿಲ್ಲ. ದೇವರ ನೈವೇದ್ಯಕ್ಕೆ ಬೇಯಿಸುವಾಗ ಒಗೆದು ಒಣಗಿಸಿದ ಸೀರೆಯೇ ಆಗಬೇಕು. ಆದರೆ ನಮ್ಮ ಊರಿನ ಮಳೆಗಾಲದಲ್ಲಿ ಒಗೆದದ್ದು ಒಣಗುವುದುಂಟೇ? ಅದಕ್ಕೇ ಹಿರಿಯರು ಉಣ್ಣೆಗೆ ರಿಯಾಯಿತಿ ಕೊಟ್ಟಿದ್ದಾರೆ. ಉಣ್ಣೆ ಯಾವಾಗಲೂ ಮಡಿ, ದಿನಾ ಒಗೆಯಬೇಕೆಂದಿಲ್ಲ. ಅಮ್ಮ ಮಳೆಗಾಲದಲ್ಲೆಲ್ಲ ಧಾವಳಿ ಎಂಬ ಉಣ್ಣೆಯ ವಸ್ತ್ರವನ್ನು ಉಟ್ಟೇ ಅಡುಗೆ ಮಾಡುತ್ತಿದ್ದಳು.

ಬಂದ ದಿನವೇ ಅಮ್ಮ ದೇವರ ಕೋಣೆಯ ಬಾಗಿಲಲ್ಲಿ ತೂಗುತ್ತಿದ್ದ ತೋರಣಕ್ಕೆ ತಲೆ ತಾಗಿಸಿಕೊಂಡಳು. ಕೈಯಿಂದ ತಡವಿದಳು. ಆಮೇಲೆ ಕೆಳಗಿದ್ದ ಇಲಿಯನ್ನೂ ತಡವಿದಳು.

"ಇದೆಂತ, ಕುರಿಯಾ?"

"ಇಲಿ ಅತ್ತೆ. ಬಾಲ ಉಂಟು, ಹಿಂದೆ ನೋಡಿ," ಎಂದಳು ವಾರಿಜಾ.

"ಬಾಲ ಉಂಟು. ಅದು ಸರಿ," ಎಂದಳು ಅಮ್ಮ. "ಆದರೆ ದೇವರ ಬಾಗಿಲಿಗೆ ಇದನ್ನೆಲ್ಲ ಕಟ್ಟಬಹುದಾ? ಎಂತದರಲ್ಲಿ ಮಾಡಿದ್ದು?"

ವಾರಿಜಾ ನನ್ನ ಮುಖ ನೋಡಿದಳು. ಮೂರು ತಿಂಗಳ ಅವಳ ಕೆಲಸ ಬಾಗಿಲಿನಿಂದ ಕೆಳಗಿಳಿದು ಪೆಟ್ಟಿಗೆ ಸೇರುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಅದರ ಹಿಂದೆ ಬರುವ ಅತ್ತೆ ಸೊಸೆಯರ ಮೌನವ್ರತವನ್ನು ತಾಳಿಕೊಳ್ಳುವ ಶಕ್ತಿಯಂತೂ ಮೊದಲೇ ಇಲ್ಲ. "ಶುದ್ಧ ಉಣ್ಣೆ ಅಮ್ಮ, ನಾನೇ ತರಿಸಿದ್ದು," ಎಂದುಬಿಟ್ಟೆ. "ಉಣ್ಣೆಯಾದರೆ ತೊಂದರೆ ಇಲ್ಲ," ಎಂದು ಅಮ್ಮ ಕಾಲು ತೊಳೆಯಲು ಹೋದಳು. ನಾನು ಗೆದ್ದೆ ಎಂದು ಎರಡು ಕಪ್ ಕಾಫಿ ಕುಡಿದೆ.

ಮಾರನೆಯ ದಿನ ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಕಳಚುತ್ತಿದ್ದೆ. ಅಮ್ಮ ಕರೆದಳು. "ನನ್ನ ಧಾವಳಿಯನ್ನು ಹುಳ ತಿಂದು ಹಾಕಿದೆ ಮಾರಾಯ. ಹೇಗೂ ಶುದ್ಧ ಉಣ್ಣೆ ಮನೆಯಲ್ಲೇ ಉಂಟಲ್ಲ, ವಾರಿಜಾ ಅದರಲ್ಲೇ ನನಗೊಂದು ಹೆಣೆದು ಕೊಡ್ತಾಳಂತೆ. ಚೌತಿಯ ದಿನ ಅದನ್ನೇ ಉಟ್ಟು ನೈವೇದ್ಯ ಮಾಡ್ತೇನೆ." ಜಗಲಿಯಲ್ಲಿ ವಾರಿಜಾ ಆಗಲೇ ಅರಶಿನ ಬಣ್ಣದ ಲಡಿ ಬಿಚ್ಚಿ ಹೆಣೆಯುತ್ತಾ ಕೂತಿದ್ದಳು. ನನ್ನ ಕೈಯಲ್ಲಿದ್ದ ಚಪ್ಪಲಿ ಜಾರಿ ಕಾಲಿನ ಮೇಲೆಯೇ ಬಿತ್ತು.

ನಗಬೇಡಿ. ನನಗೆ ಮಡಿಯಲ್ಲಿ ಅಂಥ ನಂಬಿಕೆ ಏನೂ ಇರಲಿಲ್ಲ, ಆಫೀಸಿನ ಕ್ಯಾಂಟೀನಿನ ಎಲ್ಲ ಬೋಂಡಾಗಳೂ ಇದನ್ನು ಬಲ್ಲವು. ಆದರೆ ಅಮ್ಮನಿಗೆ ಇತ್ತು. ಜ್ವರದಲ್ಲಿ ನಡುಗುತ್ತಿದ್ದರೂ ತಣ್ಣೀರು ಮಿಂದು ದೇವರಿಗೆ ಅನ್ನ ಇಟ್ಟವಳು ಅವಳು. ಕಣ್ಣು ಕಾಣದೆ ನನ್ನ ಮಾತನ್ನೇ ನಂಬಿ, ನೈಲಾನು ಸುತ್ತಿಕೊಂಡು, ಗಣಪತಿಯ ಮುಂದೆ ಕಡುಬು ಇಡುವ ಅಮ್ಮನನ್ನು ನೆನೆದು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದೆ. ನಿಜ ಹೇಳೋಣವೆಂದರೆ ತೋರಣ ಇಳಿಯುತ್ತದೆ, ವಾರಿಜಾಳಿಗೂ ಹೇಳಿದ ಸುಳ್ಳು ಹೊರಬೀಳುತ್ತದೆ. ಅತ್ತ ದರಿ, ಇತ್ತ ಪುಲಿ.

ಸೋಮಾರಿಗೆ ಅಡ್ಡದಾರಿಗಳು ಬೇಗ ಹೊಳೆಯುತ್ತವೆ. "ಅಮ್ಮ, ಉಣ್ಣೆಯ ಎಳೆ ಕಣ್ಣಿಗೆ ಬಿದ್ದರೆ ಪೊರೆ ಹೆಚ್ಚಾಗ್ತದಂತೆ. ಡಾಕ್ಟರು ಹೇಳಿದ್ದಾರೆ," ಎಂದೆ. "ಯಾವಾಗ ಹೇಳಿದ್ದು? ನಾನೂ ಅಲ್ಲೇ ಕೂತಿದ್ದೆನಲ್ಲ," ಎಂದಳು ಅಮ್ಮ. ಇನ್ನೊಂದು ದಿನ ಹೆಣಿಗೆಯ ಬುಟ್ಟಿಯನ್ನು ಎತ್ತಿ ಅಟ್ಟದ ಮೇಲೆ ಇಟ್ಟೆ. ಹತ್ತು ನಿಮಿಷದಲ್ಲಿ ವಾರಿಜಾ ನನ್ನಿಂದಲೇ ಅದನ್ನು ಕೆಳಗೆ ಇಳಿಸಿಕೊಂಡಳು. ದಿನಾ ಸಂಜೆ ಅಮ್ಮ, "ಎಷ್ಟಾಯ್ತು ವಾರಿಜಾ?" ಎಂದು ಕೇಳುವುದು, ವಾರಿಜಾ ಹೆಣೆದದ್ದನ್ನು ಅಮ್ಮನ ಭುಜಕ್ಕೆ ಹಿಡಿದು ಅಳತೆ ನೋಡುವುದು, ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿ, "ಒಳ್ಳೆ ಉಣ್ಣೆ ಅಲ್ವಾ?" ಎನ್ನುವುದು. ಅತ್ತೆ ಸೊಸೆ ಅಷ್ಟು ಅನ್ಯೋನ್ಯವಾಗಿದ್ದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಅದನ್ನು ಹಾಳು ಮಾಡುವ ಪಾಪಿ ನಾನೇ ಆಗುತ್ತೇನಲ್ಲ ಎಂದು ಮತ್ತಷ್ಟು ಸಂಕಟವಾಯಿತು.

ಚೌತಿಯ ಹಿಂದಿನ ದಿನ ಮಧ್ಯಾಹ್ನ ಇನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು. ಅಮ್ಮ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು, ವಾರಿಜಾ ಕೊನೆಯ ಸಾಲು ಹೆಣೆಯುತ್ತಿದ್ದಳು. ನಾನು ಇಬ್ಬರ ನಡುವೆ ನೆಲದ ಮೇಲೆ ಕೂತೆ.

"ಅಮ್ಮ, ನೀನು ಅದನ್ನು ಉಡಬೇಡ. ಅದು ಉಣ್ಣೆಯಲ್ಲ. ನೈಲಾನು. ಮಂಗಳೂರಿಂದ ತರಿಸಿದ್ದೂ ಸುಳ್ಳು. ಇಲ್ಲೇ, ದಾರಿಬದಿಯ ಅಂಗಡಿಯಲ್ಲಿ ತೆಗೊಂಡದ್ದು. ನಿನಗೂ ಸುಳ್ಳು ಹೇಳಿದೆ, ಇವಳಿಗೂ ಸುಳ್ಳು ಹೇಳಿದೆ."

ಅಮ್ಮನ ಬೆರಳು ನಿಲ್ಲಲಿಲ್ಲ. ಬತ್ತಿ ಪೂರ್ತಿ ಹೊಸೆದು ಪಕ್ಕಕ್ಕೆ ಇಟ್ಟಳು. "ಅಂತೂ ಬಾಯಿ ಬಿಟ್ಟೆಯಲ್ಲ," ಎಂದಳು. "ಬಂದ ದಿನ ದೀಪ ಹಚ್ಚುವಾಗ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದೆ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರ್ತದೆ. ಇದು ಕರಗಿ ಮಣಿಯ ಹಾಗೆ ಬೆರಳಿಗೆ ಅಂಟಿತು. ನನಗೆ ಪೊರೆ ಬಂದದ್ದು ಕಣ್ಣಿಗೆ ಮಾರಾಯ, ಮೂಗಿಗಲ್ಲ."

ನಾನು ವಾರಿಜಾಳ ಕಡೆ ತಿರುಗಿದೆ. "ನನಗೆ ನೀವು ತಂದ ದಿನವೇ ಗೊತ್ತು," ಎಂದಳು ಅವಳು, ತಲೆ ಎತ್ತದೆ. "ಸೆಲಿನ್ ಬಾಯಿಯೂ ಸುಟ್ಟು ತೋರಿಸಿದರು. ಹೇಳಿದರೆ ನೀವು ಮತ್ತೊಂದು ಸುಳ್ಳು ಹೇಳ್ತೀರಿ, ಅದನ್ನು ಕೇಳುವ ತಾಳ್ಮೆ ನನಗೆ ಇರಲಿಲ್ಲ."

"ಹಾಗಾದರೆ ಆ ಧಾವಳಿ?"

"ಎಂತ ಧಾವಳಿ? ಇದು ರೇಡಿಯೋಕ್ಕೆ ಹೊದಿಕೆ," ಎಂದು ವಾರಿಜಾ ಹೆಣೆದದ್ದನ್ನು ಬಿಡಿಸಿ ಹಿಡಿದಳು. ನಾಲ್ಕು ಮೂಲೆಗೂ ಗೊಂಡೆ ಇತ್ತು. ಇದನ್ನು ಯಾವ ಹೆಂಗಸು ಉಡಬಲ್ಲಳು ಎಂದು ಹದಿನೈದು ದಿನ ನನಗೆ ಹೊಳೆದಿರಲೇ ಇಲ್ಲ. ಅಮ್ಮನ ಹಳೆಯ ಧಾವಳಿ ಅವಳ ಟ್ರಂಕಿನಲ್ಲಿ ಭದ್ರವಾಗಿ ಇತ್ತಂತೆ. ಹುಳ ತಿಂದದ್ದೂ ಇಬ್ಬರೂ ಸೇರಿ ಕಟ್ಟಿದ ಕತೆಯಂತೆ. ನನ್ನಿಂದ ನಿಜ ಹೊರಡಿಸಲು ಎಷ್ಟು ದಿನ ಬೇಕು ಎಂದು ನೋಡುತ್ತಿದ್ದರಂತೆ.

ಅಬ್ಬ! ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಎದೆಯ ಮೇಲಿಂದ ಅರೆಯುವ ಕಲ್ಲು ಇಳಿಸಿದಷ್ಟು ಹಗುರವಾಯಿತು, ಕಣ್ಣಲ್ಲಿ ನೀರೂ ಬಂತು. "ಮತ್ತೆ ತೋರಣ?" ಎಂದೆ, ಹೆದರುತ್ತಾ. "ಬಾಗಿಲು ಅನ್ನ ಬೇಯಿಸ್ತದಾ, ಅದಕ್ಕೆಂತ ಮಡಿ? ಹುಡುಗಿ ಅಷ್ಟು ಚಂದ ಮಾಡಿದ್ದಾಳೆ, ಇರಲಿ ಬಿಡು. ನಡುವೆ ಎರಡು ನಿಜವಾದ ಮಾವಿನೆಲೆ ಸಿಕ್ಕಿಸಿ," ಎಂದಳು ಅಮ್ಮ. ಆ ಚೌತಿಯಲ್ಲಿ ನಾನು ತಿಂದಷ್ಟು ಕಡುಬನ್ನು ಗಣಪತಿಯೂ ತಿಂದಿರಲಾರ.

ಮರುದಿನ ಮಟ್ಟುವಿನಿಂದ ಪದ್ಮಕ್ಕ ಬಂದರು. ಅಮ್ಮನ ದೊಡ್ಡಮ್ಮನ ಮಗಳು, ಮಡಿಯಲ್ಲಿ ಅಮ್ಮನಿಗೇ ಪಾಠ ಹೇಳುವವರು. ಬಾಗಿಲಲ್ಲೇ ನಿಂತು ತೋರಣ ನೋಡಿ ಮೂಗು ಮುರಿದರು. "ದೇವರ ಕೋಣೆಗೆ ಇದೆಂತ ಕಟ್ಟಿದ್ದು? ನೈಲಾನಾ?" ಎಂದರು. ನಾನು ಎದ್ದು ನಿಂತೆ. ಈ ಸಲ ನಿಜವನ್ನೇ ಹೇಳಬೇಕೆಂದು ಬಾಯಿ ತೆರೆದಿದ್ದೆ, ದೇವರಾಣೆಗೂ. ಅಷ್ಟರಲ್ಲಿ ಅಮ್ಮ ಸೊಸೆಯ ಮುಖದ ಕಡೆ ಒಮ್ಮೆ ತಿರುಗಿ, ಸ್ವಲ್ಪವೂ ತಡವರಿಸದೆ ಹೇಳಿದಳು: "ನೈಲಾನು ಎಂತದಕ್ಕೆ ಪದ್ಮಾ? ಶುದ್ಧ ಉಣ್ಣೆ. ನನ್ನ ಮಗ ಮಂಗಳೂರಿಂದ ತರಿಸಿದ್ದು. ಅವನು ಸುಳ್ಳು ಹೇಳುವವನಲ್ಲ."

ಪದ್ಮಕ್ಕ ಒಂದು ಗೊಂಡೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಹೌದು ಹೌದು, ಉಣ್ಣೆಯೇ. ಮುಟ್ಟಿದ ಕೂಡಲೇ ಗೊತ್ತಾಗ್ತದೆ," ಎಂದರು. "ಹಾಗಾದರೆ ನನಗೂ ಎಂಟು ಲಡಿ ತರಿಸಿಕೊಡು ಮಗಾ. ಧಾವಳಿ ಹರಿದಿದೆ, ನವರಾತ್ರಿಗೆ ಆಗಬೇಕು." ವಾರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅಮ್ಮ ಮುಖ ಗಂಟಿಕ್ಕಿಕೊಂಡು ನನ್ನ ಕಡೆ, "ಕೇಳಿತಾ? ಶುದ್ಧದ್ದೇ ಆಗಬೇಕು," ಎಂದಳು.

ಇನ್ನು ಸುಳ್ಳಿನ ಸಹವಾಸವೇ ಬೇಡ, ನಾನೇ ಖುದ್ದು ಮಂಗಳೂರಿಗೆ ಹೋಗಿ ಒಂದೊಂದು ಲಡಿಯನ್ನೂ ಸುಟ್ಟು ನೋಡಿಯೇ ತರುತ್ತೇನೆ ಎಂದು ಅಲ್ಲೇ ಶಪಥ ಮಾಡಿದೆ. ಮಾರನೆಯ ದಿನ ಆಫೀಸಿಗೆ ಹೋದವನೇ ರಜೆಯ ಅರ್ಜಿ ಬರೆಯಲು ಕೂತೆ. ಕಾರಣ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಪದ್ಮಕ್ಕನ ಧಾವಳಿಗೆ ಉಣ್ಣೆ ತರಲು ಎಂದು ಬರೆದರೆ ಸಾಹೇಬರು ನಗುತ್ತಾರೆ. ಸ್ವಲ್ಪ ಹೊತ್ತು ಯೋಚಿಸಿ, ಹೊಟ್ಟೆನೋವು ಎಂದು ಬರೆದೆ.